ಬೇರೆ ಇಟ್ಟ ತಟ್ಟೆ

ಭರಮಸಾಗರ
11 ಮಾರ್ಚ್ 1974

ಲೇ ದುರುಗಿ,

ಅದಕ್ಕೇ ಹೇಳಿದ್ದು, ಬಸ್ಸು ಹೊರಡುವ ಹೊತ್ತಿಗೆ ಮಾತು ತೆಗೆಯಬೇಡ ಅಂತ. ಅರ್ಧ ಹೇಳಿದೆ, ಅರ್ಧ ಗಂಟಲಲ್ಲೇ ಉಳಿಯಿತು, ನಿನ್ನ ಬಸ್ಸು ಧೂಳೆಬ್ಬಿಸಿಕೊಂಡು ಹೋಗೇಬಿಟ್ಟಿತು. ಉಳಿದರ್ಧ ಈಗ ಕೇಳು.

ಗಂಡಿನ ಊರು ಬಬ್ಬೂರು. ಹೆಸರು ಪಾಲಯ್ಯ. (ಮದುವೆ ಆಗಿಲ್ಲ, ಅದಕ್ಕೇ ಹೆಸರು ಬರೆದೆ. ಆಮೇಲೆ ಎಷ್ಟು ಗೋಗರೆದರೂ ಬರೆಯಲ್ಲ!) ಅಲ್ಲಿನ ಕೃಷಿ ಫಾರಂನಲ್ಲಿ ಕೆಲಸ. ನಮ್ಮಪ್ಪ ಚಿಕ್ಕತಿಮ್ಮಪ್ಪನವರ ಕುಣಿತ ನೋಡಬೇಕು ನೀನು. "ಸಂಬಳದ ಹುಡ್ಗ ಕಣಮ್ಮಿ, ಮಳೆ ಬರ್ಲಿ ಬಿಡ್ಲಿ ಅವ್ನಿಗೇನು!" ಅಂತ ಬೀದಿಗೆಲ್ಲ ಹೇಳಿ ಬಂದರು.

ನೀನು ಇರುವುದು ಹಿರಿಯೂರಿನಲ್ಲಿ. ಬಬ್ಬೂರು ಅಂದರೆ ನಿನಗೆ ಹಿತ್ತಲು. ಊರೂರು ತಿರುಗಿ ಕೆಮ್ಮುವವರನ್ನು ಹುಡುಕಿ, ಕಫದ ಡಬ್ಬಿ ಕೊಟ್ಟು, ಟೀಬಿ ಮಾತ್ರೆ ನುಂಗಿಸುವವಳು ನೀನು. ನಿನಗೆ ಗೊತ್ತಿಲ್ಲದ ಮನೆ ಇದೆಯಾ? ನೀನು ಬಿಳಿ ಸೀರೆ ಉಟ್ಟು ಜೀಪಿನಿಂದ ಇಳಿದಾಗಿನಿಂದ ನನಗೆ ನಿನ್ನದೇ ಹುಚ್ಚು. "ಆಕೆ ನಮ್ ಬೀದಿಯೋಳು, ಒಂದೇ ಬೆಂಚಿನಾಗೆ ಕುಂತು ಓದಿದ್ವಿ" ಅಂತ ಕಂಡಕಂಡವರಿಗೆ ಹೇಳುತ್ತೀನಿ. ನೀವು ಬಿಸಿಜಿ ಸೂಜಿ ಹಾಕಲು ಬಂದಾಗ ಗುಡ್ಡಪ್ಪನ ಸೊಸೆ ಅಟ್ಟ ಹತ್ತಿ ಕೂತಿದ್ದಳಲ್ಲ, ಈಗ ಅವಳೇ ತೋಳು ತೋರಿಸಿಕೊಂಡು "ನಂದೇ ದೊಡ್ ಕಲೆ" ಅಂತ ಮೆರೆಯುತ್ತಾಳೆ.

ವಿಚಾರಿಸಿ ಬರಿ. ಕುಡಿಯುತ್ತಾನಾ? ಬೇರೆ ಯಾವಳಾದರೂ ಇದ್ದಾಳಾ? ಮೈಯಲ್ಲಿ ಕಾಯಿಲೆ ಕಸಾಲೆ? ನೀನು ಹೂಂ ಅಂದರೆ ನಾನೂ ಹೂಂ. ನೀನು ಬೇಡ ಅಂದರೆ ಅಪ್ಪ ಕೆರೆಗೆ ಹಾರುತ್ತೀನಿ ಅಂದರೂ ನಾನು ಒಲ್ಲೆ. ಬೇಗ ಬರಿ, ಬೇಗ ಬೇಗ!

ನಿನ್ನ
ಉಚ್ಚಂಗಿ


ಹಿರಿಯೂರು
2 ಏಪ್ರಿಲ್ 1974

ಉಚ್ಚಂಗೀ,

ತಡವಾಯಿತು, ಬೈಯಬೇಡ. ಹೊಳಲ್ಕೆರೆ ಕಡೆ ಕ್ಯಾಂಪಿತ್ತು. ಅಲ್ಲೊಬ್ಬ ಅಜ್ಜ ನಾನು ಕೊಟ್ಟ ಕಫದ ಡಬ್ಬಿಯಲ್ಲಿ ನಶ್ಯ ತುಂಬಿಕೊಂಡು ಬಂದ. ಕೇಳಿದರೆ, "ಇಷ್ಟ್ ಚೆಂದದ ಡಬ್ಬಿಗೆ ಉಗಿಯಾಕೆ ಮನ್ಸು ಬರಲ್ಲ ಕಣವ್ವ" ಅಂದ. ನಮ್ಮ ಡ್ರೈವರು ನಕ್ಕು ನಕ್ಕು ಜೀಪನ್ನು ಬೇಲಿಗೆ ಬಿಟ್ಟ.

ಪಾಲಯ್ಯನನ್ನು ಬಲ್ಲೆ. ಕುಡಿಯಲ್ಲ. ಬೇರೆ ಯಾವಳೂ ಇಲ್ಲ. ಮಾತು ಕಮ್ಮಿ, ಕೈ ಚುರುಕು. ಫಾರಂನಲ್ಲಿ ಒಳ್ಳೆಯ ಹೆಸರಿದೆ. ಮಿಕ್ಕಿದ್ದನ್ನು ನೀನೇ ಅವನ ಬಾಯಿಂದ ಕೇಳು. ಮದುವೆಗೆ ಮುಂಚೆ ನಿಮ್ಮಿಬ್ಬರನ್ನೂ ಒಂದು ಗಳಿಗೆ ಮಾತಾಡಲು ಬಿಡಬೇಕು ಅಂತ ನಿಮ್ಮಪ್ಪನಿಗೆ ನಾನೇ ಹೇಳಿ ಕಳಿಸುತ್ತೀನಿ. ನಾಚಿಕೊಂಡು ಕಾಲ್ಬೆರಳಲ್ಲಿ ನೆಲ ಕೆರೆಯುತ್ತಾ ನಿಲ್ಲಬೇಡ. ಕೇಳು.

ದುರುಗಿ


ಬಬ್ಬೂರು
14 ಜೂನ್ 1974

ಲೇ ದುರುಗಿ,

ಕೇಳು ಕೇಳು ಅಂತ ಬರೆದಿದ್ದೆಯಲ್ಲ, ಏನು ಕೇಳುವುದೇ? ಕೆರೆ ಏರಿ ಮೇಲೆ ಮಾತಾಡಲು ಬಿಟ್ಟರು. ಇವರು ನೀರು ನೋಡಿದರು, ಆಕಾಶ ನೋಡಿದರು, ಚಪ್ಪಲಿ ನೋಡಿಕೊಂಡರು. ಕೊನೆಗೆ "ನಿಮ್ ಕೆರೆ ಬಲು ದೊಡ್ದೈತೆ" ಅಂದರು. ನಾನು "ಹೂಂ" ಅಂದೆ. ಮುಗಿಯಿತು! ಅಷ್ಟಕ್ಕೇ ನನ್ನ ತಂಗಿ ಬೇಲಿ ಹಿಂದೆ ಕೂತು ಕಿಸಿಕಿಸಿ.

ಮದುವೆಯಲ್ಲಿ ನಿನ್ನನ್ನು ಕಂಡ ಕೂಡಲೇ ಇವರು ತಲೆ ತಗ್ಗಿಸಿದ್ದು ನೋಡಿದೆಯಾ? ಬಿಳಿ ಸೀರೆಯವರು ಎಲ್ಲಿ ಸೂಜಿ ಚುಚ್ಚುತ್ತಾರೋ ಅಂತ ಹೆದರಿಕೆ ಇರಬೇಕು. ನೀನೂ ಊಟ ಮುಗಿಸಿದವಳೇ ಚಪ್ಪರದ ಹಿಂದೆ ಇವರ ಹತ್ತಿರ ಏನೋ ಗುಸುಗುಸು ಮಾಡಿ ಹೊರಟುಬಿಟ್ಟೆ. ನನ್ನನ್ನು ಚೆನ್ನಾಗಿ ನೋಡಿಕೊಳ್ಳಿ ಅಂತ ಹೇಳಿದೆ ತಾನೇ? ಗೊತ್ತು ಬಿಡು.

ನಮ್ಮ ಅತ್ತೆ ಓಬವ್ವನಂಥ ಅತ್ತೆ ಯಾರಿಗೆ ಸಿಗುತ್ತಾಳೆ! ಹೊಸ ಸೊಸೆ ಗಂಡ ಉಂಡ ತಟ್ಟೆಯಲ್ಲೇ ಉಣ್ಣಬೇಕು, ಆ ತಟ್ಟೆ ಅವಳೇ ತೊಳೆಯಬೇಕು, ಅಲ್ಲವಾ ನಮ್ಮಲ್ಲಿ? ಈಕೆ ಬಿಡುವುದೇ ಇಲ್ಲ. "ಅವ್ನ ತಟ್ಟೆ ಮುಟ್ಬ್ಯಾಡ ತಾಯಿ, ನಾನೇ ತೊಳ್ಕಂತೀನಿ. ನೀನು ಬ್ಯಾರೇದ್ರಾಗೆ ಉಣ್ಣು" ಅಂತಾಳೆ. ಇವರ ತಟ್ಟೆ, ಲೋಟ ಗೂಡಿನಲ್ಲಿ ಬೇರೆ ಇಟ್ಟಿರುತ್ತಾಳೆ, ಕುದಿಯುವ ನೀರು ಹೊಯ್ದು ತೊಳೆಯುತ್ತಾಳೆ. ಮಗನ ಮೇಲೆ ಅಷ್ಟು ಅಕ್ಕರೆ, ಸೊಸೆಯ ಮೇಲೂ ಅಷ್ಟೇ.

ಆದರೆ ಒಂದು ಗುಟ್ಟು. ಅತ್ತೆ ನೀರಿಗೆ ಹೋದಾಗ ಇವರ ತಟ್ಟೆಯಲ್ಲಿ ಉಳಿದ ಮುದ್ದೆ ಚೂರು ತಿಂದುಬಿಡುತ್ತೀನಿ. ನಗಬೇಡ. ನಿನಗೂ ಒಬ್ಬ ಬರಲಿ, ಆಗ ಗೊತ್ತಾಗುತ್ತದೆ.

ಉಚ್ಚಂಗಿ

ಕಾಗದ ಫಾರಂ ವಿಳಾಸಕ್ಕೇ ಬರಿ. ಇವರೇ ಸಾಯಂಕಾಲ ತಂದುಕೊಡುತ್ತಾರೆ.


ಹೊಸದುರ್ಗ
1 ಜುಲೈ 1974

ಉಚ್ಚಂಗೀ,

ನನ್ನನ್ನು ಹೊಸದುರ್ಗಕ್ಕೆ ಹಾಕಿದ್ದಾರೆ. ತೆಂಗಿನ ತೋಟ, ಸಂತೆ, ತಾಲ್ಲೂಕು ಆಫೀಸು. ಬಾಡಿಗೆ ಮನೆಯವಳು ನನ್ನ ಚೀಲವನ್ನು ಒಳಗೆ ಇಡಲು ಬಿಡಲ್ಲ. "ಅದ್ರಾಗೆ ರೋಗ ಇಟ್ಕಂಡು ತಿರುಗ್ತೀಯಂತೆ" ಅಂದಳು. ಚೀಲ ಜಗಲಿಯ ಮೇಲೆ, ನಾನು ಒಳಗೆ.

ಮುದ್ದೆ ತಿನ್ನು, ತಟ್ಟೆಯಿಂದ ಏನೂ ಆಗಲ್ಲ. ಗಾಳಿ ಮುಖ್ಯ. ಕಿಟಕಿ ತೆಗೆದು ಮಲಗಿ, ಇಲ್ಲದಿದ್ದರೆ ಅಂಗಳದಲ್ಲಿ ಮಲಗಿ. ಯಾರೇ ಕೆಮ್ಮಿದರೂ ಬಾಯಿಗೆ ಬಟ್ಟೆ ಅಡ್ಡ ಹಿಡಿಯಬೇಕು, ಗಂಡನಾದರೂ ಸರಿ.

ಇನ್ನೊಂದು. ಅವನು ತಿಂಗಳಿಗೊಮ್ಮೆ ಹಿರಿಯೂರಿಗೆ ಹೋಗಿ ಬರುತ್ತಾನಾ? ಕೆಲಸ ಇದೆ, ನಾಳೆ ಹೋಗುತ್ತೀನಿ ಅಂದರೆ ಒಪ್ಪಬೇಡ. ನೀನೇ ಬಸ್ಸು ಹತ್ತಿಸು.

ದುರುಗಿ


ಬಬ್ಬೂರು
9 ಸೆಪ್ಟೆಂಬರ್ 1974

ದುರುಗಿ,

ಆಷಾಢಕ್ಕೆ ತವರಿಗೆ ಹೋಗಿದ್ದೆ, ಅದಕ್ಕೇ ತಡ. ಕಿಟಕಿ ಅಂತೀಯಲ್ಲ, ಈ ಮನೆಗೆ ಕಿಟಕಿ ಎಲ್ಲಿದೆ ತಾಯಿ? ಒಂದು ಬೆಳಕಿಂಡಿ, ಅದರಲ್ಲಿ ಗುಬ್ಬಿ ಗೂಡು. ಅಂಗಳದಲ್ಲಿ ಮಲಗೋಣ ಅಂದರೆ ಅತ್ತೆ "ಹೊಸ ಮದ್ಲಿಂಗ ಮದ್ಲಗಿತ್ತಿ ಬೀದೀಲಿ ಬಿದ್ಕಂತಾರೇನೇ?" ಅಂತ ಗದರಿದಳು.

ನಿನ್ನ ಹಿರಿಯೂರಿನ ಮಾತು ಇವರಿಗೆ ಹೇಳಿದೆ. "ನಂಗೇನ್ ಕೆಲ್ಸ ಐತೆ ಅಲ್ಲಿ?" ಅಂದರು. ದುರುಗಿ ಕೇಳಿದ್ದಾಳೆ ಅಂದೆ. ಮುಖ ಕಪ್ಪಿಟ್ಟಿತು. ತುತ್ತು ಬಿಟ್ಟು ಎದ್ದು ಹೋದರು. ನೀವಿಬ್ಬರೂ ಯಾವಾಗ ಜಗಳ ಆಡಿದಿರಿ? ಹಿರಿಯೂರಿನಲ್ಲಿ ಏನಿದೆ, ಬಿಡಿಸಿ ಬರಿ.

ಉಚ್ಚಂಗಿ


ಹೊಸದುರ್ಗ
20 ಅಕ್ಟೋಬರ್ 1974

ಉಚ್ಚಂಗಿ,

ಹಿರಿಯೂರಿಗೆ ಹೋಗಿದ್ದನಾ? ಹೌದು, ಇಲ್ಲ, ಅಷ್ಟು ಬರಿ ಸಾಕು. ಕೆಮ್ಮು ಇದೆಯಾ? ಊಟ ಸೇರುತ್ತಾ? ಮುಖ ಇಳಿದಿದೆಯಾ? ಮಿಕ್ಕಿದ್ದು ನೀನು ಬಲ್ಲೆ, ನಾನು ಬಲ್ಲೆ. ಕಾಗದದಲ್ಲಿ ಬೇಡ.

ದುರುಗಿ


ಬಬ್ಬೂರು
8 ನವೆಂಬರ್ 1974

ದುರುಗಿ,

ನಾನೇನು ಬಲ್ಲೆ? ನೀನು ಬಲ್ಲದ್ದೇನು?

ನಾನು ಹೇಗಿದ್ದೀನಿ ಅಂತ ಒಂದು ಸಾಲಿಲ್ಲ. ಬರೀ ಅವನು ಹೋದನಾ, ಅವನು ಉಂಡನಾ, ಅವನ ಮುಖ ಇಳಿಯಿತಾ. ನನ್ನ ಗಂಡನ ಮುಖ ಇಳಿದರೆ ನಾನು ನೋಡಿಕೊಳ್ಳುತ್ತೀನಿ. ನಿನ್ನ ಹೆಸರು ಎತ್ತಿದರೆ ಇವರು ಯಾಕೆ ಬೆಚ್ಚಬೇಕು? ಚಪ್ಪರದ ಹಿಂದೆ ನೀವಿಬ್ಬರೂ ಏನು ಮಾತಾಡಿದಿರಿ? ಹಿರಿಯೂರಿನಲ್ಲಿ ನೀನಿದ್ದಾಗ ಇವರು ತಿಂಗಳು ತಿಂಗಳು ಅಲ್ಲಿಗೆ ಬರುತ್ತಿದ್ದರಂತೆ, ಫಾರಂನ ಬೀರಪ್ಪ ಹಾಸ್ಯಕ್ಕೆ ಹೇಳಿದ. "ನಿನ್ ಗಂಡ ಮದ್ವೆಗ್ ಮುಂಚೆ ಹಿರಿಯೂರಿಗೆ ಓಡ್ತಿದ್ದ ಕಣಮ್ಮ, ಅಲ್ಲೇನ್ ಇಟ್ಟಿದ್ನೋ!" ಅಂತ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನೀನು ಮದುವೆಯಾಗದೆ ಉಳಿದದ್ದು ಯಾರಿಗಾಗಿ ದುರುಗಿ? ನನ್ನ ಗಂಡನಿಗಾಗಿಯಾ?

ಉಚ್ಚಂಗೆಮ್ಮ


ಹೊಸದುರ್ಗ
19 ನವೆಂಬರ್ 1974

ಉಚ್ಚಂಗಿ,

ಇನ್ನು ಕೇಳಲ್ಲ. ನಿನ್ನ ಗಂಡ, ನಿನ್ನ ಮನೆ. ಚೆನ್ನಾಗಿರಿ.

ದುರುಗಮ್ಮ


ಬಬ್ಬೂರು
23 ಫೆಬ್ರವರಿ 1975

ದುರುಗಕ್ಕನವರಿಗೆ,

ಹೋದ ವಾರ ಬೆಳಿಗ್ಗೆ ಪಾಲಯ್ಯ ಹಿತ್ತಲಲ್ಲಿ ಮುಖ ತೊಳೆಯುತ್ತಾ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ತೊಳೆಯುವ ಕಲ್ಲಿನ ಮೇಲೆ ರಕ್ತ ಬಿತ್ತು. ಅತ್ತೆ ಓಡಿ ಬಂದು, ಮಗನನ್ನು ಹಿಡಿಯುವುದಕ್ಕೆ ಮೊದಲು, ಚೊಂಬಿನ ನೀರು ಸುರಿದು ಕಲ್ಲು ತೊಳೆದಳು. ಅವಳಿಗೆ ಅದು ಹೊಸದಲ್ಲ ಅಂತ ಆಗಲೇ ಗೊತ್ತಾಯಿತು.

ಬಸ್ಸಿನಲ್ಲಿ ಹಿರಿಯೂರಿಗೆ ಕರೆದುಕೊಂಡು ಹೋದೆ. ನೀನು ಎಷ್ಟು ಸಲ ಹೇಳಿದ್ದೆ, ನೀನೇ ಬಸ್ಸು ಹತ್ತಿಸು ಅಂತ. ಹತ್ತಿಸಿದೆ. ಮಾತ್ರೆ ಕೊಡುವ ಕಡೆ ಕಾಂಪೌಂಡರ್ ಕಾಟಲಿಂಗಪ್ಪ ಇವನನ್ನು ಕಂಡವನೇ ನಕ್ಕ.

"ಏನಪ್ಪ ಪಾಲಯ್ಯ! ಮಾವನ ಊರಿಗೆ ಹೋಗ್ತೀನಿ, ಮಾತ್ರೆ ಅಲ್ಲೇ ತಗಂತೀನಿ ಅಂತ ಹೇಳಿ ಹೋದೋನು, ಈಗ ದಾರಿ ಕಾಣಿಸ್ತಾ? ದುರುಗಕ್ಕ ಈ ಕಡೆ ಬಂದಾಗೆಲ್ಲ ನಿಂದೇ ಮಾತು. ಬಂದ್ನಾ, ಬಂದ್ನಾ ಅಂತ ನನ್ ಪ್ರಾಣ ತಿಂದ್ಲು. ದೀಪಾವಳಿಗೆ ಮುಂಚೆ ನಾನೇ ಹೇಳ್ದೆ, ಅವ್ನು ಭರಮಸಾಗರಕ್ಕೂ ಹೋಗಿಲ್ಲ, ಇಲ್ಲಿಗೂ ಬಂದಿಲ್ಲ, ನಿಲ್ಲಿಸ್ಬಿಟ್ಟವ್ನೆ ಅಂತ."

ಆಮೇಲೆ ನನ್ನ ಕಡೆ ನೋಡಿ, "ನೀನ್ಯಾರಮ್ಮ, ತಂಗೀನಾ?" ಅಂದ.

"ಹೆಂಡ್ತಿ" ಅಂದೆ.

ಅವನ ನಗು ಇಂಗಿತು.

ವಾಪಸು ಬರುವಾಗ ಪಾಲಯ್ಯನನ್ನು ಕೇಳಿದೆ, ಯಾಕೆ ನಿಲ್ಲಿಸಿದೆ ಅಂತ. "ನೀನು ನೋಡ್ತೀಯಲ್ಲ ಅಂತ. ಮನೀಗೆ ತಂದ್ರೆ ಇದೇನ್ ಮಾತ್ರೆ ಅಂತಿದ್ದೆ. ಮೈಯೂ ಚೆನ್ನಾಗಾಗಿತ್ತು" ಅಂದ. ನನಗೆ ಗೊತ್ತಾಗಬಾರದು ಅಂತ ಮಾತ್ರೆ ಬಿಟ್ಟ. ಬಿಟ್ಟದ್ದಕ್ಕೆ ರಕ್ತ ಬಂತು.

ನಾನು ನಿನ್ನನ್ನು ಮೂರು ಮಾತು ಕೇಳಿದ್ದೆ. ಕುಡಿಯಲ್ಲ ಅಂದೆ. ಬೇರೆಯವಳಿಲ್ಲ ಅಂದೆ. ಮೂರನೆಯದನ್ನು ನುಂಗಿಕೊಂಡೆ. ಬಂದು ನನ್ನ ಮದುವೆಯ ಪಾಯಸ ಉಂಡೆ.

ಏನಾದರೂ ಹೇಳುವುದಿದ್ದರೆ ಬರಿ. ಈಗ ಕಾಗದ ನಾನೇ ಹೋಗಿ ತರುತ್ತೀನಿ.

ಉಚ್ಚಂಗೆಮ್ಮ


ಹೊಸದುರ್ಗ
12 ಮಾರ್ಚ್ 1975

ಉಚ್ಚಂಗೀ,

ಮೊದಲು ಇದು: ನಿನಗೆ ಕೆಮ್ಮು ಇದ್ದರೆ, ಸಾಯಂಕಾಲ ಮೈ ಬೆಚ್ಚಗಾಗುತ್ತಿದ್ದರೆ, ಬೆಳಿಗ್ಗೆ ಎದ್ದ ಕೂಡಲೇ ಬರುವ ಕಫ ಡಬ್ಬಿಗೆ ಹಾಕಿ ಕೊಡು. ಇಂದೇ. ನನ್ನ ಮೇಲಿನ ಸಿಟ್ಟಿಗೆ ಅದನ್ನು ಮುಂದಕ್ಕೆ ಹಾಕಬೇಡ. ಬಿಡದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ, ಅದರಲ್ಲಿ ಸುಳ್ಳಿಲ್ಲ.

ಇನ್ನು ಬೈಸಿಕೊಳ್ಳುವ ಸರದಿ.

ಅವನು ನಿನ್ನ ಮದುವೆಗೆ ಮುಂಚಿನಿಂದ ನನ್ನ ಹತ್ತಿರ ಮಾತ್ರೆ ತೆಗೆದುಕೊಳ್ಳುತ್ತಿದ್ದವನು. ಒಂದು ತಿಂಗಳೂ ತಪ್ಪಿಸಿರಲಿಲ್ಲ. ಕಫದಲ್ಲಿ ಆಗ ಏನೂ ಕಾಣುತ್ತಿರಲಿಲ್ಲ. ಮಾತ್ರೆ ಇನ್ನೂ ಬಹಳ ದಿನ ನುಂಗಬೇಕಿತ್ತು, ಆದರೆ ಮದುವೆಯಾಗಬಾರದ ಮನುಷ್ಯ ಅಂತ ನನಗೆ ಅನ್ನಿಸಲಿಲ್ಲ. ಈಗಲೂ ಅನ್ನಿಸಲ್ಲ.

ಹೆಸರು ಹೇಳಬಾರದು, ಅದು ನಮ್ಮ ಕೆಲಸದ ಮೊದಲ ಪಾಠ. ಹೊಳಲ್ಕೆರೆ ಹತ್ತಿರದ ಒಂದು ಊರಲ್ಲಿ ಹೋಟೆಲಿನವನೊಬ್ಬ ಮಾತ್ರೆಗೆ ಬರಲಿಲ್ಲ ಅಂತ ನಾವು ಜೀಪು ತೆಗೆದುಕೊಂಡು ಅವನ ಬಾಗಿಲಿಗೇ ಹೋದೆವು. ಮಾರನೆಯ ದಿನದಿಂದ ಅವನ ಹೋಟೆಲಲ್ಲಿ ಒಬ್ಬನೂ ಟೀ ಕುಡಿಯಲಿಲ್ಲ. ಅವನು ಊರೇ ಬಿಟ್ಟ. ಆಮೇಲೆ ಆ ಊರಲ್ಲಿ ಒಬ್ಬರೂ ಡಬ್ಬಿ ಮುಟ್ಟಲಿಲ್ಲ, ಕೆಮ್ಮುವವರು ನಮ್ಮ ಜೀಪು ಕಂಡರೆ ಹೊಲಕ್ಕೆ ಓಡುತ್ತಿದ್ದರು. ಅಂದಿನಿಂದ ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡೆ.

ಆದರೂ ಪಾಲಯ್ಯನಿಗೆ ಹೇಳಿದ್ದೆ, "ನೀನೇ ಅವ್ಳಿಗೆ ಹೇಳ್ಬೇಕು, ಇಲ್ಲಾಂದ್ರೆ ನಾನು ಹೇಳ್ತೀನಿ" ಅಂತ. ಚಪ್ಪರದ ಹಿಂದೆ ಕೇಳಿದ್ದು ಅದನ್ನೇ. "ಹೇಳೀನಿ ಅಕ್ಕ, ಒಪ್ಪವ್ಳೆ" ಅಂದ. ನಂಬಿದೆ. ನಿನಗೆ ಗೊತ್ತಿದೆ, ಬರೆಯಲು ನಾಚುತ್ತೀಯ ಅಂತಲೇ ತಿಳಿದು ನಾನೂ ಸುತ್ತಿ ಬಳಸಿ ಬರೆದೆ. ಕಾಗದ ಅವನ ಕೈಯಿಂದ ನಿನ್ನ ಕೈಗೆ ಬರುತ್ತಿತ್ತು, ಬಿಡಿಸಿ ಬರೆಯಲು ಆಗಲಿಲ್ಲ.

ಕಾಟಲಿಂಗಪ್ಪ ಹೇಳಿದ ಮೇಲೆ ಬಬ್ಬೂರಿಗೇ ಬರೋಣ ಅಂತಿದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು. ನನ್ನ ಮದುವೆಯ ಮಾತು ಎತ್ತಿದ್ದೆಯಲ್ಲ, ಅದು. ಓದಿ ಮೈ ಉರಿಯಿತು. ಬರಲಿಲ್ಲ.

ದುರುಗಿ


ಬಬ್ಬೂರು
3 ಏಪ್ರಿಲ್ 1975

ದುರುಗಿ,

ನಿನ್ನ ಕಾಗದ ಹಲವು ಸಲ ಓದಿದೆ. ಹೋಟೆಲಿನವನ ಕಥೆ ಓದುವಾಗ ನಿನ್ನ ಮೇಲೆ ಕನಿಕರ ಬಂತು. ಆಮೇಲೆ ನನ್ನ ಮೇಲೇ ಸಿಟ್ಟು ಬಂತು, ಇವಳ ಮೇಲೆ ಯಾಕೆ ಕನಿಕರ ಅಂತ.

ಅವನು "ಒಪ್ಪವ್ಳೆ" ಅಂದ, ನೀನು ನಂಬಿದೆ. ಕೆರೆ ಏರಿಯ ಮೇಲೆ ಅವನು ಏನು ಹೇಳಿದ ಅಂತ ನಾನು ಒಂದಕ್ಷರ ಬಿಡದೆ ನಿನಗೆ ಬರೆದಿದ್ದೆ. ಕೆರೆ ದೊಡ್ಡದು ಅಂದ, ಅಷ್ಟೇ ಅಂತ. ಅದನ್ನು ಓದಿದ ಮೇಲೂ ನಂಬಿದೆಯಾ? ಅತ್ತೆ ತಟ್ಟೆ ಬೇರೆ ಇಡುತ್ತಾಳೆ, ಎಂಥ ಅಕ್ಕರೆ ಅಂತ ಬರೆದವಳಿಗೆ ಎಲ್ಲ ಗೊತ್ತಿದೆ ಅಂದುಕೊಂಡೆಯಾ? ನೀನು ನಂಬಿದ್ದಲ್ಲ ದುರುಗಿ. ನಂಬಿದರೆ ನಿನಗೆ ಕೆಲಸ ಕಮ್ಮಿ ಇತ್ತು.

ಮದುವೆಗೆ ಮುಂಚೆ ನಿನ್ನ ಬಾಯಿ ಮುಚ್ಚಿಸಿದ್ದು ನಿಮ್ಮ ಕೆಲಸದ ಪಾಠ. ಆಗಲಿ, ಅದಕ್ಕೊಂದು ಮರ್ಯಾದೆ ಇದೆ. ನವೆಂಬರಿನಲ್ಲಿ ಮುಚ್ಚಿಸಿದ್ದು ಯಾವ ಪಾಠ? ಅವನು ಮಾತ್ರೆ ಬಿಟ್ಟಿದ್ದಾನೆ ಅಂತ ಗೊತ್ತಿತ್ತು. ಕಿಟಕಿಯಿಲ್ಲದ ಕೋಣೆಯಲ್ಲಿ ನಾನು ಅವನ ಮಗ್ಗುಲಲ್ಲಿ ಮಲಗುತ್ತೀನಿ ಅಂತ ಗೊತ್ತಿತ್ತು. ಅದೆಲ್ಲ ಗೊತ್ತಿದ್ದು "ಚೆನ್ನಾಗಿರಿ" ಅಂತ ಬರೆದೆ. ನಾನು ಕೆಟ್ಟ ಮಾತು ಆಡಿದೆ, ನಿಜ. ಗೊತ್ತಿಲ್ಲದವಳು ಆಡಿದ ಮಾತು ಅದು. ಗೊತ್ತಿದ್ದವಳು ನೀನು ಮಾಡಿದ್ದಕ್ಕೆ ಏನನ್ನಲಿ?

ನನ್ನ ಸಮಾಚಾರ ಹೇಳುತ್ತೀನಿ. ಐದು ತಿಂಗಳ ಬಸುರಿ. ಸಂಕ್ರಾಂತಿಯಿಂದ ಕೆಮ್ಮು ಬಿಟ್ಟಿಲ್ಲ. ಸಾಯಂಕಾಲ ಕಣ್ಣುರಿ, ಮೈ ಬಿಸಿ. ಬಸುರಿಗೆ ಹಾಗೇ ಅಂತ ಅತ್ತೆ ಅಂದಳು, ನಾನೂ ಹಾಗೇ ಅಂದುಕೊಂಡಿದ್ದೆ. ನಿನ್ನ ಕಾಗದ ಬಂದ ಮಾರನೆಯ ದಿನವೇ ಡಬ್ಬಿ ತಂದು ಕಫ ಕೊಟ್ಟೆ. ನೋಡಿದರು. ಇದೆಯಂತೆ.

ಕಾಟಲಿಂಗಪ್ಪ ನನ್ನ ಮುಖ ನೋಡದೆ ಮಾತ್ರೆ ಎಣಿಸಿ ಕೊಟ್ಟ. "ಮಗೀಗೇನೂ ಆಗಲ್ಲ ಕಣಮ್ಮ, ಬಿಡ್ದಂಗೆ ನುಂಗು ಅಷ್ಟೇ. ಮಗಾ ಹುಟ್ಟಿದ್ ಕೂಡ್ಲೇ ಕರ್ಕಂಡ್ ಬಾ, ಸೂಜಿ ಹಾಕಾಣ" ಅಂದ. ನುಂಗುತ್ತಿದ್ದೀನಿ. ಪಾಲಯ್ಯನಿಗೂ ನನ್ನ ಕಣ್ಣೆದುರೇ ನುಂಗಿಸುತ್ತೀನಿ. ತಟ್ಟೆ ಬೇರೆ ಇಡುವುದನ್ನು ನಿಲ್ಲಿಸಿದೆ. ಅತ್ತೆ ಹಾರಾಡಿದಳು. "ನಿಮ್ ಮಗ ಕೊಟ್ಟಿದ್ದು ತಟ್ಟೇಲಿ ಬರ್ಲಿಲ್ಲ ಅತ್ತೆ" ಅಂದೆ. ಅವತ್ತಿನಿಂದ ಅವಳು ನನ್ನ ಹತ್ತಿರ ಮಾತಾಡಿಲ್ಲ. ಬೆಳಕಿಂಡಿಯನ್ನು ಒಡೆಸಿ ದೊಡ್ಡದು ಮಾಡಿಸಿದೆ.

ಭರಮಸಾಗರಕ್ಕೆ ಏನೂ ಬರೆದಿಲ್ಲ. ಬರೆಯುವ ಹಾಗೂ ಇಲ್ಲ. ಯಾಕೆ ಅಂದರೆ ನನ್ನ ತಂಗಿ ಕಾಟಮ್ಮನಿಗೆ ಗಂಡು ಗೊತ್ತಾಗಿದೆ. ನಿನ್ನ ಹೊಸದುರ್ಗದಲ್ಲೇ, ಸಂತೆ ಮೈದಾನದ ಹತ್ತಿರ ಮನೆ, ಹುಡುಗನ ಹೆಸರು ಗೊಲ್ಲಪ್ಪ. ಹುಡುಗಿಗೆ ಮನಸ್ಸಾಗಿದೆ. ಅಪ್ಪ ಮತ್ತೆ ಕುಣಿಯುತ್ತಿದ್ದಾರೆ. ಅಕ್ಕನಿಗೆ ಕ್ಷಯ ಅಂತ ಗೊತ್ತಾದರೆ ಮನೆತನಕ್ಕೇ ಇದೆ ಅಂತಾರೆ, ಅಲ್ಲಿಗೆ ಮುಗಿಯಿತು. ಹಾಗಾಗಿ ಈಗ ನಾನೇ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀನಿ. ತಂಗಿಗೆ ಸುಳ್ಳು ಹೇಳುತ್ತಿದ್ದೀನಿ, ಬಸುರಿ ಸುಸ್ತು ಅಂತ. ನಿನ್ನ ಪಾಠ ನನಗೂ ಬಂತು ನೋಡು.

ಗೊಲ್ಲಪ್ಪನ ಅವ್ವ ಎಲ್ಲವನ್ನೂ ವಿಚಾರಿಸಿ ಮಾಡುವ ಹೆಂಗಸಂತೆ. ನೀನು ಭರಮಸಾಗರದವಳು, ಅದೂ ಟೀಬಿ ಕೆಲಸದವಳು ಅಂತ ಅವಳಿಗೆ ಗೊತ್ತಾಗಿದೆ. ಮುಂದಿನ ಸೋಮವಾರ ನಿನ್ನ ಬಾಡಿಗೆ ಮನೆಗೆ ಬರುತ್ತಾಳಂತೆ, ತಂಗಿ ಬರೆದಿದ್ದಾಳೆ. ಜಗಲಿಯ ಮೇಲೆ ನಿನ್ನ ಚೀಲದ ಪಕ್ಕದಲ್ಲೇ ಕೂರುತ್ತಾಳೆ. ಚಿಕ್ಕತಿಮ್ಮಪ್ಪನ ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯಾ ಅಂತ ಕೇಳುತ್ತಾಳೆ.

ಇಲ್ಲ ಅಂದರೆ ನನ್ನ ತಂಗಿಯ ಮದುವೆಯಾಗುತ್ತದೆ, ಮತ್ತೆ ಒಂದು ಮನೆಗೆ ನೀನು ಸುಳ್ಳು ಹೇಳಿದ ಹಾಗಾಗುತ್ತದೆ. ಹೌದು ಅಂದರೆ ನಿಜ ಹೇಳಿದ ಹಾಗಾಗುತ್ತದೆ, ನನಗೆ ಬೇಕಾದಾಗ ಸಿಗದ ನಿಜ ಊರವರಿಗೆ ಸಿಗುತ್ತದೆ.

ಏನು ಹೇಳು ಅಂತ ನಾನು ಬರೆಯಲ್ಲ. ನನಗೇ ಗೊತ್ತಿಲ್ಲ. ಆದರೆ ಈ ಸಲ ಸುತ್ತಿ ಬಳಸಿ ಬರೆಯಬೇಡ, ಸುಮ್ಮನೂ ಕೂರಬೇಡ. ಎರಡರಲ್ಲಿ ಯಾವುದು ನನಗೆ ಬಗೆಯುವ ದ್ರೋಹ ದುರುಗಿ, ಧೈರ್ಯ ಇದ್ದರೆ ನೀನೇ ಬರೆದು ಹೇಳುತ್ತೀಯಾ?